ಕೆರೆಯಂಗಳದಲ್ಲಿ ಹೂಡಿದ ಡೇರೆ

ಬೆಟ್ಟ ಹತ್ತಲು ಹೊರಟವರು ಬೆಟ್ಟವನ್ನೇ ನೋಡುತ್ತಾರೆ. ಅದು ತಪ್ಪು. ಬೆಟ್ಟ ಎಲ್ಲೂ ಹೋಗುವುದಿಲ್ಲ. ಮೊದಲು ನೋಡಬೇಕಾದದ್ದು ಹಿಂದಿನ ಸಂಜೆ ಇಳಿದುಕೊಳ್ಳುವ ನೆಲ. ಗಾಡಿ ಎಲ್ಲಿ ನಿಲ್ಲುತ್ತದೆ, ಬೆಳಿಗ್ಗೆ ಅದು ಅಲ್ಲಿಂದ ಕದಲುತ್ತದೆಯೇ, ಡೇರೆಯ ಗೂಟ ಹಿಡಿಯುತ್ತದೆಯೇ, ಮಲಗಿದವರು ಒಣ ಬಟ್ಟೆಯಲ್ಲಿ ಏಳುತ್ತಾರೆಯೇ? ಇಷ್ಟು ಸರಿಯಿದ್ದರೆ ಅರ್ಧ ಬೆಟ್ಟ ಹತ್ತಿದ ಹಾಗೆಯೇ. ನನ್ನ ಅಂಗಡಿಗೆ ಡೇರೆ ಬಾಡಿಗೆಗೆ ಕೇಳಿಕೊಂಡು ಬಂದವರಿಗೆಲ್ಲ ಈ ಮಾತು ಹೇಳಿದ್ದೇನೆ. ಅವರು ಕೇಳದಿದ್ದರೂ ಹೇಳಿದ್ದೇನೆ. ಎಲ್ಲಿ ಕಲಿತೆ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಈಗ ಶಿವಾಜಿನಗರ ಎನ್ನುತ್ತಾರಲ್ಲ, ನಾವು ಆಗ ಬ್ಲಾಕ್‌ಪಳ್ಳಿ ಎನ್ನುತ್ತಿದ್ದೆವು. ಅಲ್ಲಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ನನ್ನ ಅಂಗಡಿ. ಹರಿದ ಗೋಣಿಚೀಲ ಕೊಂಡು, ಹೊಲಿಸಿ, ಮಾರುವುದರಿಂದ ಶುರು ಮಾಡಿದವನು ನಾನು. ಯುದ್ಧ ಬಂತು, ದಂಡಿನ, ಎಂದರೆ ಕಂಟೋನ್ಮೆಂಟಿನ, ತುಂಬ ಗೋರಾ ಸಿಪಾಯಿಗಳು ತುಂಬಿಕೊಂಡರು, ಗೋಣಿಯ ಜಾಗಕ್ಕೆ ಕ್ಯಾನ್‌ವಾಸ್ ಬಂತು. ಹಳೆಯ ಡೇರೆಗಳನ್ನು ರಿಪೇರಿ ಮಾಡಿ ಗುತ್ತಿಗೆದಾರರಿಗೆ ಕೊಡುತ್ತಿದ್ದೆ. ಯುದ್ಧ ಮುಗಿದಾಗ ಸರ್ಕಾರ ಬೇಡವಾದದ್ದನ್ನೆಲ್ಲ ಹರಾಜು ಹಾಕಿತು. ನಾನು ಡೇರೆಗಳನ್ನೂ, ನೀರಿನ ಬಾಟಲಿಗಳನ್ನೂ, ಕೊನೆಗೆ ಒಂದು ಮಿಲಿಟರಿ ಲಾರಿಯನ್ನೂ ಹಿಡಿದೆ. ಲಾರಿಯ ಜೊತೆ ಅದನ್ನು ಓಡಿಸಬಲ್ಲ ಡ್ರೈವರ್ ಕೂಡ ಸಿಕ್ಕ. ನಮ್ಮ ಗಲ್ಲಿಯವನೇ, ಬರ್ಮಾದವರೆಗೂ ಹೋಗಿ ಬಂದಿದ್ದ ಸಾಬರ ಹುಡುಗ. ಹುಡುಗ ಎಂದರೆ ನನಗಿಂತ ಎರಡು ವರ್ಷ ಚಿಕ್ಕವನು, ಅಷ್ಟೆ. ನಾನು ಅವನಿಗೆ ಭಾಯ್, ಅವನು ನನಗೂ ಭಾಯ್.

ಗಲ್ಲಿಯಲ್ಲಿ ವ್ಯಾಪಾರಕ್ಕೆ ಒಂದು ಪದ್ಧತಿ ಇತ್ತು. ಬೆಲೆ ಕೇಳಿ, ಕೈ ಕೊಡವಿ, ತಿರುಗಿ ಹತ್ತು ಹೆಜ್ಜೆ ನಡೆಯಬೇಕು. ಮಾರುವವನು ಹಿಂದಿನಿಂದ ಕರೆದೇ ಕರೆಯುತ್ತಾನೆ. ಕರೆದನೆಂದರೆ ಹೇಳಿದ ಬೆಲೆ ಸುಳ್ಳು. ಕರೆಯಲಿಲ್ಲವೆಂದರೆ ಅವನು ಹೇಳಿದ್ದು ನಿಜ, ನೀನೇ ಹಿಂದಿರುಗಿ ಹೋಗಬೇಕು. ಇಪ್ಪತ್ತು ವರ್ಷ ಈ ಹತ್ತು ಹೆಜ್ಜೆಗಳ ಮೇಲೆ ನಾನು ಅನ್ನ ತಿಂದಿದ್ದೇನೆ.

ಆ ಡೇರೆಗಳನ್ನು ಹೊಲಿದವಳು ಅಕ್ಕ. ಗಂಡ ಸತ್ತ ಮೇಲೆ ಹಲಸೂರಿನಲ್ಲಿ ಸೋಮೇಶ್ವರನ ಗುಡಿಯ ಹಿಂದೆ ಒಂದು ಕೋಣೆಯಲ್ಲಿ ಇದ್ದಳು. ದಬ್ಬಳದಿಂದ ಕ್ಯಾನ್‌ವಾಸ್ ಹೊಲಿದು ಹೊಲಿದು ಅವಳ ಹೆಬ್ಬೆರಳು ಮರದ ತುಂಡಿನ ಹಾಗೆ ಆಗಿತ್ತು. ನನ್ನನ್ನು ಬೆಳೆಸಿದವಳೂ ಅವಳೇ. ಮೊದಲನೆಯ ದೊಡ್ಡ ಯುದ್ಧ ಮುಗಿಯುವ ಹೊತ್ತಿಗೆ ಒಂದು ಜ್ವರ ಬಂದು ಮನೆಮನೆಯನ್ನೂ ಮಲಗಿಸಿತು. ಅಪ್ಪ ಅಮ್ಮ ಒಂದೇ ವಾರದಲ್ಲಿ ಹೋದರು. ನನಗೆ ಏಳು ವರ್ಷ, ಅಕ್ಕನಿಗೆ ಹದಿನೈದು. ನನಗೂ ಜ್ವರ ಏರಿ, ಮೂರು ದಿನ ಕಣ್ಣು ತೆರೆಯಲಿಲ್ಲವಂತೆ. ಆಗ ಅವಳು ಅಮ್ಮನ ತವರಿನ ಕಡೆಯ ಬೆಟ್ಟದ ದೇವರಿಗೆ ಹರಕೆ ಹೊತ್ತಳು. ತಮ್ಮ ಉಳಿದರೆ ನನ್ನ ಕಾಲಿನ ಮೇಲೆ ತುದಿಗೆ ಬಂದು ದೀಪ ಹಚ್ಚುತ್ತೇನೆ ಎಂದು.

ನಾನು ಉಳಿದೆ. ದೀಪ ಹಚ್ಚುವುದು ಮುಂದಕ್ಕೆ ಹೋಯಿತು. ಮೊದಲು ಹೊಟ್ಟೆಪಾಡು, ಆಮೇಲೆ ಅವಳ ಮದುವೆ, ಆಮೇಲೆ ನನ್ನ ಅಂಗಡಿ. ಯುದ್ಧದ ಕಾಲದಲ್ಲಿ ಅವಳು ಒಂದೆರಡು ಸಲ ಹರಕೆಯ ಮಾತು ಎತ್ತಿದಳು. ಈ ಆರ್ಡರ್ ಮುಗಿಯಲಿ ಅಕ್ಕಾ ಎಂದೆ. ಆರ್ಡರ್‌ಗಳು ಮುಗಿಯಲಿಲ್ಲ, ಅವಳ ಎದೆ ಮೊದಲು ಸೋತಿತು. ನಾಲ್ಕು ಮನೆ ದಾಟುವಷ್ಟರಲ್ಲಿ ನಿಂತು ಉಸಿರೆಳೆದುಕೊಳ್ಳುತ್ತಿದ್ದಳು. ದಂಡಿನ ಒಬ್ಬ ವಯಸ್ಸಾದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ.

"ಬೆಟ್ಟಗಿಟ್ಟ ಎಲ್ಲಾ ಬೇಡ" ಎಂದರು ಅವರು.

ನಾನು ಅಲ್ಲಿಯೂ ಚೌಕಾಸಿಗೆ ಇಳಿದೆ. "ಬಿಸಿಲು ಬರೋಕ್ಕೆ ಮುಂಚೆ ಸಾರ್. ಹತ್ತು ಮೆಟ್ಲಿಗೊಂದ್ಸಲ ಕೂರಿಸ್ತೀನಿ. ಹಿಂದಿನ ದಿನಾನೇ ಬುಡಕ್ಕೆ ಹೋಗಿ ರೆಸ್ಟ್ ಕೊಡ್ತೀನಿ."

ಅವರು ನನ್ನನ್ನು ನೋಡಿದರು, ಅವಳನ್ನು ನೋಡಿದರು. "ಹೋಗೋದಾದ್ರೆ ಈ ತಿಂಗಳೇ ಹೋಗ್ಬಿಡಿ. ಮಳೆಗಾಲ ಕಳೀಲಿ ಅಂತ ಕೂತ್ರೆ ಆಗಲ್ಲ. ನೆನೆಯೋದು, ಓಡೋದು ಎರಡೂ ಕೂಡದು. ಗೊತ್ತಾಯ್ತಾ?"

ಗೊತ್ತಾಯಿತು ಎಂದೆ. ಗೆದ್ದೆ ಎಂದುಕೊಂಡು ಮೆಟ್ಟಿಲಿಳಿದೆ.

ಆ ಬೆಟ್ಟದ ಹೆಸರು ಇಲ್ಲಿ ಬೇಡ. ಕೋಲಾರದ ಕಡೆ ಅಂತಹವು ಹತ್ತಾರಿವೆ, ಬೋಳು ಬಂಡೆ, ಬಂಡೆಯಲ್ಲೇ ಕಡಿದ ಮೆಟ್ಟಿಲು, ತುದಿಯಲ್ಲಿ ಮೊಣಕಾಲೆತ್ತರದ ಗುಡಿ. ಅಲ್ಲಿಯ ಹರಕೆಗೆ ಕಟ್ಟುಪಾಡು ಇತ್ತು. ಹರಕೆ ಹೊತ್ತವರು ಹಿಂದಿನ ರಾತ್ರಿ ಯಾರ ಸೂರಿನಡಿಯೂ ಮಲಗುವಂತಿಲ್ಲ, ಬುಡದ ಬಯಲಿನಲ್ಲೇ ತಂಗಬೇಕು. ಹಾಲು, ಬಾಳೆಹಣ್ಣು ಬಿಟ್ಟು ಬೇರೇನೂ ತಿನ್ನುವಂತಿಲ್ಲ. ಕತ್ತಲಿರುವಾಗಲೇ ಹೊರಟು ಸೂರ್ಯ ಮೂಡುವ ಹೊತ್ತಿಗೆ ತುದಿ ಮುಟ್ಟಬೇಕು. ಹೊತ್ತುಕೊಂಡು ಹೋದರೆ ಲೆಕ್ಕಕ್ಕಿಲ್ಲ. ಬಟ್ಟೆ ಸೂರಲ್ಲ, ಆದ್ದರಿಂದ ಡೇರೆ ಆಗಬಹುದು ಎಂದು ನಾನೇ ತೀರ್ಪು ಕೊಟ್ಟೆ. "ದೇವರ ಹತ್ರಾನೂ ನಿನ್ನ ಅಂಗಡಿ ಇಟ್ಕೋ" ಎಂದು ಅಕ್ಕ ನಕ್ಕಳು. ಅವಳೇ ಹೊಲಿದ ಒಂದು ಸಣ್ಣ ಡೇರೆಯನ್ನು ಲಾರಿಗೆ ಹಾಕಿದೆವು. ಅಷ್ಟು ಡೇರೆ ಹೊಲಿದವಳು ಅದುವರೆಗೆ ಒಂದರೊಳಗೂ ಮಲಗಿರಲಿಲ್ಲ.

ವೈಶಾಖದ ಒಂದು ದಿನ ಹಲಸೂರಿನಿಂದ ಮೂವರೇ ಹೊರಟೆವು. ನನ್ನ ಹೆಂಡತಿ ಮಕ್ಕಳನ್ನು ನೋಡಿಕೊಂಡು ಮನೆಯಲ್ಲೇ ಉಳಿದಳು. ಅಕ್ಕ ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಎಣ್ಣೆಯ ಗಿಂಡಿ, ಬತ್ತಿ. ಆಗ ಹಲಸೂರು ದಾಟಿದರೆ ಊರು ಮುಗಿಯಿತು. ಬೆನ್ನಿಗಾನಹಳ್ಳಿ, ಮಹದೇವಪುರದ ಕಡೆಯ ಹೊಲಗಳು, ರಾಗಿ ಕೊಯ್ದ ಕೂಳೆ ಬಿಟ್ಟರೆ ಏನೂ ಇಲ್ಲ. ಕೃಷ್ಣರಾಜಪುರದಲ್ಲಿ ರೇಡಿಯೇಟರಿಗೆ ನೀರು ಹಾಕಿಸಿದೆವು. ಡ್ರೈವರ್ ಟೀ ಕುಡಿದ, ಆಪಾ ನಿಮಗೂ ಒಂದು ತರಲೇ ಎಂದು ಅಕ್ಕನನ್ನು ಕೇಳಿದ. ಅಕ್ಕ ಬೇಡವೆಂದು ತಲೆಯಾಡಿಸಿ, ಬೇವಿನ ಮರದ ನೆರಳಲ್ಲಿ ಕೂತವರನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ನಾನು ಎಷ್ಟೋ ವರ್ಷದಿಂದ ಕಾಣದ ನೆಮ್ಮದಿ ಇತ್ತು. ಅದನ್ನು ನೆನೆದರೆ ಈಗಲೂ ನನಗೆ ಬೇರೆ ಕೆಲಸ ಹಿಡಿಸುವುದಿಲ್ಲ.

ಮಧ್ಯಾಹ್ನ ಎರಡು ಗಂಟೆಗೆ ಬೆಟ್ಟದ ಬುಡ ಮುಟ್ಟಿದೆವು. ಇಳಿದುಕೊಳ್ಳಲು ಎರಡು ಜಾಗ ಕಂಡವು. ಒಂದು, ಊರ ಕಡೆಯ ದಿಣ್ಣೆಯ ಮೇಲೆ ಒಕ್ಕಣೆಯ ಕಣ. ಸಗಣಿ ಸಾರಿಸಿ ಗಟ್ಟಿ ಮಾಡಿದ ನೆಲ, ಪಕ್ಕದಲ್ಲಿ ಹುಲ್ಲಿನ ಮೆದೆ. ಆದರೆ ಅಲ್ಲಿಂದ ಮೊದಲ ಮೆಟ್ಟಿಲಿಗೆ ಎರಡು ಫರ್ಲಾಂಗ್ ಕಲ್ಲುಮುಳ್ಳಿನ ದಾರಿ. ಇನ್ನೊಂದು, ಬೆಟ್ಟಕ್ಕೆ ಒರಗಿದಂತೆ ಇದ್ದ ಕೆರೆ. ಕೆರೆ ಎಂದರೆ ನೀರಿರಲಿಲ್ಲ. ನಾನು ಹುಟ್ಟಿದಾಗಿನಿಂದ ಕಂಡದ್ದು ಹಲಸೂರು ಕೆರೆ, ಅದು ಬತ್ತಿದ್ದನ್ನು ನಾನು ಕಾಣೆ. ನೀರಿಲ್ಲದ ಕೆರೆ ನನ್ನ ಕಣ್ಣಿಗೆ ಪರೇಡ್ ಮೈದಾನದ ಹಾಗೆ ಕಾಣಿಸಿತು. ಮಟ್ಟಸ, ಬಿರಿದ ಗಟ್ಟಿ ನೆಲ, ಒಂದು ಕಲ್ಲಿಲ್ಲ. ಲಾರಿಯನ್ನು ಅದರ ಮೇಲೆ ಆ ತುದಿಯವರೆಗೆ ಬಿಟ್ಟರೆ ಮೊದಲ ಮೆಟ್ಟಿಲು ಐವತ್ತು ಗಜ. ಅಕ್ಕನ ಕಾಲಿಗೆ ಎರಡು ಫರ್ಲಾಂಗ್ ಉಳಿಯುತ್ತದೆ.

ಕಣದಲ್ಲಿ ಒಬ್ಬ ಅಜ್ಜಿ ಹುರುಳಿ ಕೇರುತ್ತಿದ್ದಳು. ಕಣ ಅವಳದೇ. ಬೆಟ್ಟಕ್ಕೆ ಬಂದವರು ಅಲ್ಲಿ ತಂಗಿದರೆ ನಾಲ್ಕಾಣೆ ತೆಗೆದುಕೊಳ್ಳುವುದು ಅವಳ ವಾಡಿಕೆ. ನಾನು ಕೆರೆಯ ಕಡೆ ಕೈ ತೋರಿಸಿ, ಅಲ್ಲಿ ನಿಲ್ಲಿಸಿದರೆ ಯಾರಾದರೂ ಕೇಳುತ್ತಾರೆಯೇ ಎಂದೆ.

"ಕೇಳೋರು ಯಾರೂ ಇಲ್ಲ ಸಾಮಿ. ಆದ್ರೆ ಕೆರೆಯಂಗಳದಾಗೆ ಇಳೀಬ್ಯಾಡಿ. ಮೇಲ್ಗಡೆ ಬೆಟ್ಟದ ಸಾಲ್ನಾಗೆ ಮಳೆ ಉಯ್ದ್ರೆ ಇಲ್ಲಿಗೆ ನೀರು ಬತ್ತದೆ. ಇಲ್ಲಿ ಹನಿ ಬೀಳ್ದಿದ್ರೂ ಬತ್ತದೆ."

"ನಿನ್ನ ಕಣದಲ್ಲಿ ಇಳಿದ್ರೆ?"

"ನಾಕಾಣೆ."

ನಾನು ನಕ್ಕುಬಿಟ್ಟೆ. ಪಕ್ಕದ ಅಂಗಡಿಯ ಬಟ್ಟೆ ಒಂದೇ ಒಗೆತಕ್ಕೆ ಹರಿಯುತ್ತದೆ ಎಂದು ಹೇಳದ ವ್ಯಾಪಾರಿ ಯಾರು? "ಎರಡಾಣೆ ಮಾಡ್ಕೋ ಅಜ್ಜಿ" ಎಂದೆ. ಅವಳು ಮೊರದಿಂದ ಮುಖವೆತ್ತದೆ, "ನಾಕಾಣೆ ಸಾಮಿ" ಎಂದಳು.

ತಿರುಗಿ ನಡೆದೆ. ಹತ್ತು ಹೆಜ್ಜೆ ಆಯಿತು. ಅವಳು ಕರೆಯಲಿಲ್ಲ. ಹನ್ನೆರಡಾಯಿತು, ಹದಿನೈದಾಯಿತು. ಹಿಂದೆ ಮೊರದ ಸದ್ದು ಒಂದೇ ಸಮನೆ ಕೇಳುತ್ತಿತ್ತು. ನನ್ನ ಗಲ್ಲಿಯಲ್ಲಾಗಿದ್ದರೆ ಅದರ ಅರ್ಥವೇನೆಂದು ನನಗೆ ಗೊತ್ತಿತ್ತು. ಅಲ್ಲಿ ನಿಂತು, ಹಿಂದಿರುಗಿ, ಹೇಳಿದ ಬೆಲೆ ಕೊಟ್ಟು ಸರಕು ಎತ್ತಿಕೊಳ್ಳುತ್ತಿದ್ದೆ. ಇಲ್ಲಿ, ಹಳ್ಳಿಯ ಮುದುಕಿಗೆ ವ್ಯಾಪಾರ ಬರುವುದಿಲ್ಲ ಎಂದುಕೊಂಡೆ.

ಲಾರಿಯ ಹತ್ತಿರ ಹೋಗಿ ಹೇಳಿದಾಗ ಡ್ರೈವರ್ ಕೆರೆಯನ್ನು ನೋಡಿ ಬೀಡಿ ಆರಿಸಿದ. "ನಾಲಾದಲ್ಲಿ ಗಾಡಿ ನಿಲ್ಸೋದು ಬೇಡ ಭಾಯ್. ಬರ್ಮಾದಲ್ಲಿ ನಮ್ ಸುಬೇದಾರ್ ಅದಕ್ಕೇ ಲಾತ ಕೊಡ್ತಿದ್ದ."

"ಇದು ನಾಲಾ ಅಲ್ಲ, ಕೆರೆ. ಬರ್ಮಾನೂ ಅಲ್ಲ, ಕೋಲಾರದ ಕಡೆ. ಇಲ್ಲಿ ಮಳೆ ಬರ್ಬೇಕಾದ್ರೆ ಅರ್ಜಿ ಹಾಕ್ಬೇಕು."

"ಯಾರಾದ್ರೂ ಹಾಕಿರ್ತಾರೆ" ಎಂದ ಅವನು.

ಅಕ್ಕ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದಳು. "ಆ ಅಜ್ಜಿ ಹೇಳಿದ ಕಡೇನೇ ಇಳ್ಕೊಳ್ಳೋಣ ಕಣೋ. ನಾಕಾಣೆ ತಾನೆ."

"ನಾಕಾಣೆ ಪ್ರಶ್ನೆ ಅಲ್ಲಕ್ಕಾ. ನಿನ್ನ ಕಾಲು. ಬೆಳಿಗ್ಗೆ ಆ ಎರಡು ಫರ್ಲಾಂಗ್ ನಡೆದ್ರೆ ಮೆಟ್ಲು ಹತ್ತೋಕೆ ಏನು ಉಳಿಯುತ್ತೆ?"

ಅವಳು ಕಿಟಕಿಯಿಂದ ತಲೆ ಒಳಗೆಳೆದುಕೊಂಡಳು. ಅವಳು ಒಪ್ಪಿದ್ದು ನನ್ನ ಮಾತು ಸರಿಯೆಂದಲ್ಲ, ಅದರಲ್ಲಿ ಅವಳ ಮೇಲಿನ ಕಾಳಜಿ ಇದೆಯೆಂದು. ಕಾಳಜಿ ಇತ್ತು. ನಾಲ್ಕಾಣೆಯೂ ಇತ್ತು, ಮುದುಕಿಯ ಮುಂದೆ ಸೋಲಬಾರದೆಂಬುದೂ ಇತ್ತು. ಯಾವುದು ಎಷ್ಟು ಎಂದು ಬೇರ್ಪಡಿಸಲು ಎಷ್ಟೋ ಸಲ ಕೂತಿದ್ದೇನೆ. ಆಗಿಲ್ಲ.

ಡೇರೆ ಚೆನ್ನಾಗಿ ನಿಂತಿತು. ಗೂಟಗಳು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದವು. ಈಗ ಯಾರಿಗಾದರೂ ಹೇಳುವುದಾದರೆ ಗೂಟ ಹೊಡೆಯುವುದನ್ನು ಅಲ್ಲಿಗೇ ನಿಲ್ಲಿಸಿ ಎನ್ನುತ್ತೇನೆ. ಮೇಲೆ ಬಿರಿದು ಒಣಗಿದ ನೆಲದಲ್ಲಿ ಗೂಟ ಅಷ್ಟು ಸಲೀಸಾಗಿ ಇಳಿಯಿತೆಂದರೆ ಕೆಳಗೆ ಹೂಳು ಇದೆ, ಭಾರದ ಗಾಡಿಗೆ ಅದು ಜಾಗವಲ್ಲ. ಸುತ್ತಲಿನ ಜಾಲಿಗಿಡಗಳನ್ನು ನೋಡಿ. ಕೊಂಬೆಯಲ್ಲಿ ಒಣಹುಲ್ಲು, ಕಸ ಸಿಕ್ಕಿಕೊಂಡಿದ್ದರೆ ಅಷ್ಟೆತ್ತರಕ್ಕೆ ನೀರು ಬಂದಿತ್ತೆಂದು ಅರ್ಥ. ಸಂಜೆ ದನಗಳು ಎಲ್ಲಿ ಮಲಗುತ್ತವೆ ನೋಡಿ. ಅಂದು ಆ ಕೆರೆಯಲ್ಲಿ ಒಂದು ದನವೂ ಇರಲಿಲ್ಲ. ನನಗೆ ಅದು ಒಳ್ಳೆಯದೇ ಎನಿಸಿತು, ಸಗಣಿಯ ಕಾಟ ಇಲ್ಲವೆಂದು.

ಅಕ್ಕ ಡೇರೆಯೊಳಗೆ ಮಲಗಿ ಹೊಲಿಗೆಗಳನ್ನು ನೋಡುತ್ತಿದ್ದಳು. "ಈ ಸಾಲು ನಂದಲ್ಲ, ಆ ಮುನಿಯಮ್ಮನ ಕೈ ಇರ್ಬೇಕು. ಎಷ್ಟು ದೂರ ದೂರ ಹಾಕವ್ಳೆ ನೋಡು" ಎಂದು ತನ್ನ ಜೊತೆ ಹೊಲಿಯುತ್ತಿದ್ದವಳನ್ನು ಆಡಿಕೊಂಡಳು. ನಾಲ್ಕು ಗಂಟೆಗೆ ಬಡಗಣ ಬೆಟ್ಟಸಾಲಿನ ಮೇಲೆ ಮೋಡ ಕವಿಯಿತು, ದೂರದಲ್ಲಿ ಗುಡುಗಿತು. ನಮ್ಮ ಮೇಲೆ ಧೂಳು ಎದ್ದು ನಾಲ್ಕು ಹನಿ ಬಿದ್ದವು, ಅಷ್ಟೆ. ಡ್ರೈವರ್ ಎರಡು ಸಲ ನನ್ನ ಮುಖ ನೋಡಿದ. ಮಳೆ ಆ ಕಡೆ ಹೋಯಿತು ಬಿಡು ಎಂದೆ.

ದೀಪ ಹಚ್ಚುವ ಹೊತ್ತಿಗೆ ನೀರು ಬಂತು. ಭೋರೆಂದು ಬರಲಿಲ್ಲ. ಮೇಲಿನ ಕಾಲುವೆಯಿಂದ ಕಂದು ಬಣ್ಣದ ಒಂದು ನಾಲಿಗೆ ಆಡಿನ ಹಿಕ್ಕೆ, ಒಣಗಿದ ಎಲೆ ದೂಡಿಕೊಂಡು ಸದ್ದಿಲ್ಲದೆ ನಮ್ಮ ಕಡೆ ಹರಿದು ಬಂತು. ಬಿರುಕುಗಳು ಮೊದಲು ಅದನ್ನು ಕುಡಿದವು. ಆಮೇಲೆ ಕುಡಿಯಲಿಲ್ಲ. ಡ್ರೈವರ್ ಓಡಿ ಲಾರಿ ಸ್ಟಾರ್ಟ್ ಮಾಡಿದ. ಚಕ್ರ ಎರಡು ಸುತ್ತು ತಿರುಗುವಷ್ಟರಲ್ಲಿ ಮೇಲಿನ ಗಟ್ಟಿ ಪದರ ಒಡೆದು ಹಿಂದಿನ ಅಚ್ಚಿನವರೆಗೂ ಹೂತಿತು. "ಬಿಡು ಭಾಯ್, ಗಾಡಿ ಹೋಯ್ತು. ಆಪಾನ್ನ ಎಬ್ಬಿಸು" ಎಂದು ಕೂಗಿದ.

ಅಕ್ಕ ಆಗಲೇ ಎದ್ದು ಡೇರೆಯ ಬಾಗಿಲಲ್ಲಿ ನಿಂತಿದ್ದಳು. ನೀರು ಅವಳ ಹಿಮ್ಮಡಿ ದಾಟಿತ್ತು. ಹೊತ್ತುಕೊಳ್ಳುತ್ತೇನೆ ಎಂದು ಬಾಗಿದೆ. ಹೂಳಿನಲ್ಲಿ ನನ್ನ ಕಾಲೇ ಮೊಣಕಾಲಿನವರೆಗೆ ಇಳಿದು, ಅವಳೊಂದಿಗೆ ಮುಗ್ಗರಿಸಿದೆ. ಆಮೇಲೆ ಅವಳೇ ನಡೆದಳು. ಒಂದು ಕೈ ನಾನು ಹಿಡಿದೆ, ಇನ್ನೊಂದು ಕೈ ಡ್ರೈವರ್ ಹಿಡಿದ. ಮೆಟ್ಟಿಲು ಹತ್ತಿರವಿದ್ದರೂ ನೀರು ನುಗ್ಗುತ್ತಿದ್ದದ್ದು ಆ ಕಡೆಯಿಂದಲೇ, ಏರಿ ಇನ್ನೂರು ಗಜವಿತ್ತು. ನೀರು ತೊಡೆಗೆ ಬಂತು. "ಬೇಗ ಅಕ್ಕಾ, ಬೇಗ" ಎನ್ನುತ್ತಲೇ ಇದ್ದೆ. ಓಡಬಾರದು ಎಂದಿದ್ದರು ಡಾಕ್ಟರು, ನೆನೆಯಬಾರದು ಎಂದಿದ್ದರು. ನಾನು ಅವಳನ್ನು ನೆನೆಸಿದೆ, ಓಡಿಸಿದೆ.

ಏರಿ ಹತ್ತಿದವಳು ಅಲ್ಲೇ ಕೂತುಬಿಟ್ಟಳು. ಉಸಿರು ಹರಿದ ಚೀಲದಿಂದ ಗಾಳಿ ಹೊರಟ ಹಾಗೆ ಬರುತ್ತಿತ್ತು. ಗಿಂಡಿಯನ್ನು ಮಾತ್ರ ಸೆರಗಿನಲ್ಲಿ ಕಟ್ಟಿ ತಂದಿದ್ದಳು, ಈಗ ಅದನ್ನು ಅವುಚಿಕೊಂಡಿದ್ದಳು. ಕಣದ ಅಜ್ಜಿ ಲಾಟೀನು ಹಿಡಿದು ಬಂದಳು. ಹೇಳಿದ್ದೆನಲ್ಲ ಎನ್ನುತ್ತಾಳೆಂದು ಕಾದೆ. ಎನ್ನಲಿಲ್ಲ. "ಬಾ ತಾಯಿ, ನಿಧಾನಕ್ಕೆ" ಎಂದು ಅಕ್ಕನ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು. ಕಣದಲ್ಲಿ ಹುಲ್ಲು ಹರಡಿ, ತನ್ನ ಒಂದು ಸೀರೆ ಉಡಿಸಿ, ಕಂಬಳಿ ಹೊದಿಸಿದಳು. ಮನೆಯೊಳಗೆ ಮಲಗಲಿ ಎಂದು ನಾನು ಗೋಗರೆದೆ. ಸೂರಿನಡಿ ಬೇಡ ಎಂದು ಅಕ್ಕ ಕೈಯಾಡಿಸಿದಳು. ನಾನು ನಾಲ್ಕಾಣೆ ತೆಗೆದು ಅಜ್ಜಿಯ ಮುಂದೆ ಹಿಡಿದೆ. ಆಮೇಲೆ ಒಂದು ರೂಪಾಯಿ ಹಿಡಿದೆ.

"ಬ್ಯಾಡ ಬುಡಿ ಸಾಮಿ. ನೀವು ಇಳಿದಿದ್ದು ಅಲ್ಲಿ, ಇಲ್ಲಲ್ಲ."

ಅವಳು ತೆಗೆದುಕೊಂಡಿದ್ದರೆ ಅದೊಂದು ವ್ಯವಹಾರವಾಗುತ್ತಿತ್ತು, ನನಗೆ ತಲೆಯೆತ್ತಲು ಆಗುತ್ತಿತ್ತು.

ಬೆಳಗಿನ ಜಾವ ನಾನು ಎಬ್ಬಿಸಲಿಲ್ಲ. ಅವಳೇ ಎದ್ದಳು. ಬೇಡವೆಂದೆ, ಕೇಳಲಿಲ್ಲ. ಆ ಎರಡು ಫರ್ಲಾಂಗನ್ನು ಅವಳು ನಡೆದಳು. ನಿಧಾನವಾಗಿ, ನಾಲ್ಕು ಕಡೆ ಕೂತು, ಮೈಯಲ್ಲಿ ಜ್ವರ ಇಟ್ಟುಕೊಂಡು ನಡೆದಳು. ಯಾವ ದಾರಿಯನ್ನು ಉಳಿಸುತ್ತೇನೆಂದು ನಾನು ಹೊರಟೆನೋ ಅದು ಅವಳ ಕೈಲಾಗದ ದಾರಿಯೇ ಆಗಿರಲಿಲ್ಲ. ಆದರೆ ಮೆಟ್ಟಿಲಿನ ಹತ್ತಿರ ಅವಳ ಲೆಕ್ಕ ಮುಗಿಯಿತು. ಒಂಬತ್ತು ಮೆಟ್ಟಿಲು ಹತ್ತಿ ಕೂತಳು. ತುಟಿ ನೀಲಿಯಾಗಿತ್ತು. ಮೇಲೆ ತುದಿಯ ಗುಡಿಯ ಮೇಲೆ ಆಗಲೇ ಬೆಳಕು ಬಿದ್ದಿತ್ತು.

"ನಾನು ಹೊತ್ಕೊಂಡು ಹೋಗ್ತೀನಕ್ಕಾ."

ಅವಳು ಬೇಡವೆಂದು ತಲೆಯಾಡಿಸಿದಳು.

"ಹೋಗ್ಲಿ, ನಾನು ಮೇಲೆ ಹೋಗಿ ಹಚ್ಚಿ ಬರ್ತೀನಿ. ಉಳಿದೋನು ನಾನೇ ತಾನೆ."

"ಹೊತ್ತೋಳು ನಾನು ಕಣೋ."

"ಹಂಗಾದ್ರೆ ಇಲ್ಲೇ ಹಚ್ಚು. ಒಂಬತ್ತು ಮೆಟ್ಲು ಬಂದಿದೀಯ, ಇಷ್ಟಕ್ಕೇ ಒಪ್ಕೋತಾನೆ."

ಅವಳು ನನ್ನ ಕಡೆ ತಿರುಗಿದಳು. "ಇದು ಅಂಗಡಿ ಅಲ್ಲ" ಎಂದಳು, ಕೋಪವಿಲ್ಲದೆ. ಗಿಂಡಿಯನ್ನು ನನ್ನ ಕೈಗೆ ಕೊಟ್ಟು ಇಳಿಯಲು ಎದ್ದಳು.

ಎತ್ತಿನ ಗಾಡಿಯಲ್ಲಿ ರೋಡಿಗೆ, ಅಲ್ಲಿಂದ ಬಸ್ಸಿನಲ್ಲಿ ಊರಿಗೆ ಬಂದೆವು. ಡ್ರೈವರ್ ಅಲ್ಲೇ ಉಳಿದು, ನಾಲ್ಕು ದಿನ ಕಾದು, ಆರು ಜೊತೆ ಎತ್ತು ಕಟ್ಟಿ ಲಾರಿ ಎಳೆಸಿದ. ಆ ಕಥೆಯನ್ನು ಅವನು ನನ್ನ ಮುಂದೆ ಒಮ್ಮೆಯೂ ನಗೆಯಾಗಿ ಹೇಳಲಿಲ್ಲ, ಬೇರೆಯವರ ಮುಂದೆ ಹೇಳಿದ್ದನ್ನೂ ನಾನು ಕೇಳಲಿಲ್ಲ.

ಅಕ್ಕ ಆಷಾಢದಲ್ಲಿ ತೀರಿಕೊಂಡಳು. ಎದೆ ಮೊದಲೇ ಸೋತಿತ್ತು, ಇಂದಲ್ಲ ನಾಳೆ ಆಗುತ್ತಿತ್ತು ಎಂದರು ಡಾಕ್ಟರು. ನನ್ನ ಮುಖ ನೋಡಿ ಹಾಗೆ ಹೇಳಿರಬಹುದು. ಬೆಟ್ಟದಿಂದ ಬಂದ ಮೇಲಿನ ಆರೇಳು ವಾರ ಅವಳನ್ನು ನಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದೆ. ಅವಳಿಗೆ ತನ್ನ ಸಾವಿನ ಭಯ ಇರಲಿಲ್ಲ. ಹರಕೆ ಬಾಕಿ ಉಳಿಯಿತಲ್ಲ, ಹರಕೆ ಇದ್ದದ್ದು ನನ್ನ ಜೀವದ ಮೇಲಲ್ಲವೇ, ಕೊಟ್ಟವನು ವಾಪಸು ಕೇಳಿದರೆ ಏನು ಮಾಡುವುದು ಎಂಬುದೇ ಭಯ. ನನ್ನ ಹೆಂಡತಿಯನ್ನು ಕರೆದು, ಅವನು ಮಳೆಯಲ್ಲಿ ಓಡಾಡದ ಹಾಗೆ ನೋಡಿಕೋ ಎಂದಳಂತೆ.

ಒಂದು ದಿನ ನಾನು ಅವಳ ಹಾಸಿಗೆಯ ಪಕ್ಕ ಕೂತು ಹೇಳಿದೆ. "ಅಕ್ಕಾ, ಆ ಬೆಟ್ಟದ ಪೂಜಾರಿ ಮಾರ್ಕೆಟ್‌ಗೆ ಬಂದಿದ್ದ. ಕೇಳ್ದೆ. ಮೊದಲ ಮೆಟ್ಲು ಮುಟ್ಟಿ ಕೈ ಮುಗಿದ್ರೂ ಹರಕೆ ಸಂದ ಹಾಗೇ ಅಂತೆ. ಕಾಲಿಲ್ಲದೋರು, ಕೈಲಾಗದೋರು ಎಷ್ಟೋ ಜನ ಹಂಗೇ ಮಾಡ್ತಾರಂತೆ. ನಿಂದು ಒಂಬತ್ತು ಆಗಿದೆ." ಹೇಳುವಾಗ ಕಣ್ಣು ತಪ್ಪಿಸಲಿಲ್ಲ, ದನಿ ಏರಿಸಲಿಲ್ಲ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದೆ. ಅಷ್ಟು ಚೆನ್ನಾಗಿ ನಾನು ಯಾರಿಗೂ ಏನನ್ನೂ ಹೇಳಿಲ್ಲ.

ಅಕ್ಕ ನನ್ನ ಮುಖ ನೋಡಿದಳು. ಇಪ್ಪತ್ತು ವರ್ಷ ಅಂಗಡಿಯ ಹಿಂದಿನ ಕೋಣೆಯಲ್ಲಿ ದಬ್ಬಳ ಹಿಡಿದು ಕೂತು ನನ್ನ ಮಾತುಗಳನ್ನು ಕೇಳಿಸಿಕೊಂಡವಳು.

"ಗಿರಾಕಿಗೆ ಹೇಳೋ ಹಂಗೆ ಹೇಳ್ತಾ ಇದೀಯ" ಎಂದಳು.

ಆಮೇಲೆ ಅವಳು ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಪಕ್ಕದ ಕೋಣೆಯಲ್ಲಿ ನಾನು ಕೆಮ್ಮಿದರೆ ಮಾತ್ರ ತಲೆ ಎತ್ತಿ, ಇನ್ನೊಂದು ಸಲ ಕೆಮ್ಮುತ್ತೇನೋ ಎಂದು ಕಿವಿಗೊಟ್ಟು ಕಾಯುತ್ತಿದ್ದಳು.